ನೊಗವೋ, ಕೋಲೋ?

"ತಾತ, ನೀವು ಇತಿಹಾಸದ ಮೇಷ್ಟ್ರು. ನೀವೇ ತೀರ್ಮಾನ ಹೇಳಿ. ಯೋಕ್ ತೊಗೊಳ್ಳಲೋ, ಸ್ಟಿಕ್ ತೊಗೊಳ್ಳಲೋ?"

ಕಳೆದ ಯುಗಾದಿಯ ಮಾರನೆಯ ದಿನ ನನ್ನ ಮೊಮ್ಮಗ ಹೀಗೆ ಕೇಳಿದಾಗ ನಾನು ಹೋಳಿಗೆಯ ಊಟ ಮುಗಿಸಿ ತೂಕಡಿಸುತ್ತಿದ್ದೆ. ಯೋಕ್ ಎಂದರೇನು, ಸ್ಟಿಕ್ ಎಂದರೇನು ಎಂಬುದೇ ನನಗೆ ತಿಳಿದಿರಲಿಲ್ಲ. ಕಂಪ್ಯೂಟರಿನ ಪರದೆಯ ಮೇಲೆ ವಿಮಾನ ಹಾರಿಸುವ ಒಂದು ವ್ಯವಸ್ಥೆಯುಂಟು. ಅದಕ್ಕೆ ಫ್ಲೈಟ್ ಸಿಮ್ಯುಲೇಟರ್ ಎನ್ನುತ್ತಾರೆ. ಅದನ್ನು ಕೀಲಿಮಣೆಯಿಂದ ಹಾರಿಸಬಹುದಾದರೂ ನಿಜವಾದ ವಿಮಾನದಲ್ಲಿರುವಂತಹ ಹಿಡಿಕೆಗಳನ್ನು ಕೊಂಡು ಜೋಡಿಸಿಕೊಂಡರೆ ಕೈಗೆ ಅಭ್ಯಾಸವಾಗುತ್ತದೆ ಎಂದು ಅವನೇ ವಿವರಿಸಿದ. ಬೆಲೆಯನ್ನು ಕೇಳಿ ನನ್ನ ತೂಕಡಿಕೆ ಹಾರಿಹೋಯಿತು. ನಾನು ಮೇಷ್ಟ್ರಾಗಿ ಸೇರಿದ ಮೊದಲ ವರ್ಷದ ಒಟ್ಟು ಸಂಬಳಕ್ಕಿಂತ ಅದು ಹೆಚ್ಚಾಗಿತ್ತು. "ಆಟದ ಸಾಮಾನಿಗೆ ಇಷ್ಟು ದುಡ್ಡೇ?" ಎಂದು ಒಳಗಿನಿಂದ ಸೊಸೆಯ ದನಿ ಕೇಳಿಸಿತು. ಹುಡುಗ ಮಾತನಾಡಲಿಲ್ಲ.

ಆ ಮೌನದ ಕಾರಣವನ್ನು ನಮ್ಮ ಬಂಧುಗಳಲ್ಲಿ ಹಲವರು ಬಲ್ಲಿರಿ. ಹತ್ತನೆಯ ವಯಸ್ಸಿನಿಂದ ಅವನಿಗೆ ಪೈಲಟ್ ಆಗಬೇಕೆಂಬ ಒಂದೇ ಹಂಬಲ. ಪಿಯುಸಿ ಮುಗಿದ ಮೇಲೆ ವೈದ್ಯಕೀಯ ಪರೀಕ್ಷೆಗೆ ಹೋದ. ಬಣ್ಣದ ಚುಕ್ಕೆಗಳ ನಡುವೆ ಅಡಗಿದ ಅಂಕಿಗಳನ್ನು ಗುರುತಿಸುವ ಒಂದು ಪರೀಕ್ಷೆ ಅಲ್ಲಿರುತ್ತದೆ. ಜಪಾನಿನ ಶಿನೊಬು ಇಶಿಹಾರಾ ಎಂಬ ನೇತ್ರವೈದ್ಯರು 1917ರಲ್ಲಿ ಪ್ರಕಟಿಸಿದ ಫಲಕಗಳವು. ಎಲ್ಲರೂ ಅಂಕಿ ಕಾಣುವ ಕಡೆ ಇವನಿಗೆ ಬರಿಯ ಚುಕ್ಕೆಗಳೇ ಕಂಡವು. ಮುಂದಿನ ಪರೀಕ್ಷೆಗಳಲ್ಲಿಯೂ ತೇರ್ಗಡೆಯಾಗಲಿಲ್ಲ. ಕೆಂಪು ಹಸಿರುಗಳ ಭೇದ ತನಗೆ ಸರಿಯಾಗಿ ಕಾಣುವುದಿಲ್ಲವೆಂಬುದು ಹತ್ತೊಂಬತ್ತು ವರ್ಷ ಅವನಿಗೂ ಗೊತ್ತಿರಲಿಲ್ಲ, ನಮಗೂ ಗೊತ್ತಿರಲಿಲ್ಲ. ಅಂದಿನಿಂದ ಆರು ತಿಂಗಳು ಅವನು ಯಾರಿಂದಲೂ ಏನನ್ನೂ ಕೇಳಿರಲಿಲ್ಲ. ಈಗ ಕೇಳಿದ್ದ. ಹೀಗಾಗಿ ಅವನ ಪ್ರಶ್ನೆಯನ್ನು ತಳ್ಳಿಹಾಕುವ ಧೈರ್ಯ ನನಗಾಗಲಿಲ್ಲ. "ಒಂದು ತಿಂಗಳು ಸಮಯ ಕೊಡು ಮಗು, ಓದಿ ಹೇಳುತ್ತೇನೆ" ಎಂದೆ. ಓದಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಯೋಕ್ ಎಂಬ ಪದದ ಅರ್ಥವನ್ನು ನಿಘಂಟಿನಲ್ಲಿ ನೋಡಿದರೆ ಅದು ನಮ್ಮ ನೊಗವೇ! ಎತ್ತಿನ ಹೆಗಲ ಮೇಲಿನ ನೊಗ ವಿಮಾನದಲ್ಲಿ ಚಾಲಕನ ಕೈಗೆ ಬಂದಿದೆ. ಅರ್ಧ ಕತ್ತರಿಸಿದ ಸ್ಟಿಯರಿಂಗ್ ಚಕ್ರದಂತೆ ಅದರ ಆಕಾರ. ಎಡಕ್ಕೆ ಬಲಕ್ಕೆ ತಿರುಗಿಸಿದರೆ ವಿಮಾನ ಆಯಾ ಕಡೆಗೆ ವಾಲುತ್ತದೆ. ಎದೆಯ ಕಡೆಗೆ ಎಳೆದರೆ ಮೂತಿ ಮೇಲೇಳುತ್ತದೆ, ತಳ್ಳಿದರೆ ಇಳಿಯುತ್ತದೆ. ಸ್ಟಿಕ್ ಎಂಬುದು ಇದೇ ಕೆಲಸವನ್ನು ಮಾಡುವ ನೆಟ್ಟಗಿನ ಕೋಲು. ಥ್ರಾಟಲ್ ಎಂಬುದು ಎಂಜಿನ್ನಿನ ಶಕ್ತಿಯನ್ನು ಏರಿಸಿ ಇಳಿಸುವ ಹಿಡಿಕೆ. ನಮ್ಮ ಪ್ರಶ್ನೆಗೆ ಇಷ್ಟು ತಿಳಿದರೆ ಸಾಕು.

ಮೊದಲ ವಿಮಾನದಲ್ಲಿ ಇವು ಯಾವುವೂ ಈ ರೂಪದಲ್ಲಿರಲಿಲ್ಲ. 1903ರ ಡಿಸೆಂಬರ್ 17ರಂದು ಕಿಟಿಹಾಕ್‌ನ ಮರಳಿನ ಮೇಲೆ ಆರ್ವಿಲ್ ರೈಟ್ ಹಾರಿದಾಗ ಅವನು ಕುಳಿತಿರಲಿಲ್ಲ, ಬೋರಲಾಗಿ ಮಲಗಿದ್ದ. ಮೂತಿಯನ್ನು ಏರಿಸಿ ಇಳಿಸಲು ಕೈಯಲ್ಲಿ ಒಂದು ಸನ್ನೆಗೋಲಿತ್ತು. ವಾಲಿಸಬೇಕಾದರೆ ಸೊಂಟವನ್ನೇ ಅತ್ತಿತ್ತ ಸರಿಸಬೇಕಿತ್ತು. ಸೊಂಟಕ್ಕೆ ತಾಗಿದ ತೊಟ್ಟಿಲು ತಂತಿಗಳನ್ನೆಳೆದು ರೆಕ್ಕೆಯ ತುದಿಗಳನ್ನು ತಿರುಚುತ್ತಿತ್ತು. ಇಂದಿನ ಅರ್ಥದ ಥ್ರಾಟಲ್ ಆ ಎಂಜಿನ್ನಿಗೆ ಇರಲೇ ಇಲ್ಲ.

ಕೋಲು ಬಂದದ್ದು ಫ್ರಾನ್ಸಿನಿಂದ. ರಾಬರ್ಟ್ ಎಸ್ನೋ ಪೆಲ್ತ್ರಿ ಎಂಬ ತಂತ್ರಜ್ಞ 1907ರ ಸುಮಾರಿಗೆ ಒಂದೇ ಕೋಲಿನಿಂದ ಎರಡು ದಿಕ್ಕಿನ ಚಲನೆಗಳನ್ನು ನಿಯಂತ್ರಿಸುವ ಏರ್ಪಾಡನ್ನು ರೂಪಿಸಿದ. ಲೂಯಿ ಬ್ಲೇರಿಯೋ ಕೈಗೆ ಕೋಲು, ಕಾಲಿಗೆ ಅಡ್ಡಪಟ್ಟಿ ಎಂಬ ಕ್ರಮವನ್ನು ಅಳವಡಿಸಿ, 1909ರ ಜುಲೈ 25ರಂದು ಇಂಗ್ಲಿಷ್ ಕಡಲ್ಗಾಲುವೆಯನ್ನೇ ದಾಟಿದ. ಅದಾದ ಸ್ವಲ್ಪ ಕಾಲಕ್ಕೇ ದೆಪೆರ್ದ್ಯೂಸಾಂ ವಿಮಾನಗಳಲ್ಲಿ ಅಡ್ಡತೊಲೆಯ ಮೇಲೆ ಚಕ್ರವನ್ನು ಕೂರಿಸಿದರು. ಅದೇ ಇಂದಿನ ನೊಗದ ಪೂರ್ವಜ. ವಿಮಾನಗಳು ಭಾರವಾದಂತೆ ಎರಡು ಕೈಗಳಿಂದಲೂ ಬಲ ಹಾಕಬಹುದಾದ ಚಕ್ರ ದೊಡ್ಡ ವಿಮಾನಗಳಲ್ಲಿ ನೆಲೆಸಿತು. ಚುರುಕಾಗಿ ತಿರುಗಬೇಕಾದ ಯುದ್ಧವಿಮಾನಗಳಲ್ಲಿ ಕೋಲೇ ಉಳಿಯಿತು. ನೊಗವೋ ಕೋಲೋ ಎಂಬ ಮೊಮ್ಮಗನ ಪ್ರಶ್ನೆಗೆ ನೂರು ವರ್ಷ ಮೀರಿದ ವಯಸ್ಸಿದೆ.

ಥ್ರಾಟಲಿನ ಕಥೆ ಇನ್ನೂ ಸ್ವಾರಸ್ಯವಾದದ್ದು. ಮೊದಲನೆಯ ಮಹಾಯುದ್ಧದ ಕಾಲದ ಅನೇಕ ವಿಮಾನಗಳಲ್ಲಿ ಎಂಜಿನ್ ತಾನೇ ಗಿರಗಿರನೆ ಸುತ್ತುತ್ತಿತ್ತು. ಅದರ ವೇಗವನ್ನು ನಯವಾಗಿ ತಗ್ಗಿಸುವುದು ಕಷ್ಟವಾದ್ದರಿಂದ, ಇಳಿಯುವಾಗ ಚಾಲಕ ಕೋಲಿನ ಮೇಲಿನ ಗುಂಡಿಯನ್ನು ಒತ್ತಿ ಒತ್ತಿ ಕಿಡಿಯನ್ನು ಕಡಿದುಬಿಡುತ್ತಿದ್ದ. ಮುಂದೆ ಥ್ರಾಟಲ್ ಬಂದ ಮೇಲೂ ಯಾವ ಕಡೆ ನೂಕಿದರೆ ಶಕ್ತಿ ಹೆಚ್ಚಬೇಕು ಎಂಬುದರಲ್ಲಿ ಎಲ್ಲ ದೇಶಗಳಿಗೂ ಒಮ್ಮತವಿರಲಿಲ್ಲ. ಅಮೆರಿಕದ ಕರ್ಟಿಸ್ ಸಂಸ್ಥೆ ಫ್ರಾನ್ಸಿಗೆಂದು ಕಟ್ಟಿದ ಹಾಕ್ ಯುದ್ಧವಿಮಾನಗಳು, 1940ರಲ್ಲಿ ಫ್ರಾನ್ಸ್ ಸೋತ ಬಳಿಕ ಮೊಹಾಕ್ ಎಂಬ ಹೆಸರಿನಿಂದ ಬ್ರಿಟಿಷರ ಪಾಲಾದವು. ಅವುಗಳ ಥ್ರಾಟಲ್ ಬ್ರಿಟಿಷ್ ರೂಢಿಗೆ ತದ್ವಿರುದ್ಧವಾಗಿತ್ತು. ಇವರು ಶಕ್ತಿಗಾಗಿ ಮುಂದೆ ತಳ್ಳುವವರು, ಅದು ಹಿಂದೆ ಎಳೆದರೆ ಶಕ್ತಿ ಕೊಡುವುದು! ಅದನ್ನು ಬದಲಿಸಿದ ಮೇಲೆಯೇ ಬಳಸಬೇಕಾಯಿತು. ಇದೇ ಹಾಕ್ ವಂಶದ ವಿಮಾನಗಳನ್ನು ನಮ್ಮ ಬೆಂಗಳೂರಿನಲ್ಲಿಯೂ ಜೋಡಿಸಿದರೆಂಬುದು ನಿಮಗೆ ಗೊತ್ತಿರಲಿ. ಮೈಸೂರು ಸರ್ಕಾರದ ನೆರವಿನಿಂದ ವಾಲಚಂದ್ ಹೀರಾಚಂದ್ ಅವರು 1940ರ ಡಿಸೆಂಬರಿನಲ್ಲಿ ಸ್ಥಾಪಿಸಿದ ಹಿಂದೂಸ್ತಾನ್ ವಿಮಾನ ಕಾರ್ಖಾನೆ ಮೊದಲು ಹಾರ್ಲೋ ತರಬೇತಿ ವಿಮಾನವನ್ನೂ, ಬಳಿಕ 1942ರಲ್ಲಿ ಹಾಕ್ ವಿಮಾನವನ್ನೂ ಹಾರಿಸಿತು.

ಇನ್ನು ಸೊಸೆಯ ಪ್ರಶ್ನೆ. ಇದು ಆಟದ ಸಾಮಾನೋ, ಕಲಿಕೆಯ ಸಾಧನವೋ?

ನೆಲದ ಮೇಲೆ ಕುಳಿತು ಹಾರಲು ಕಲಿಯುವ ಪ್ರಯತ್ನ ವಿಮಾನದಷ್ಟೇ ಹಳೆಯದು. ಫ್ರಾನ್ಸಿನ ಆಂತ್ವಾನೆತ್ ವಿಮಾನದಲ್ಲಿ ಚಾಲಕನ ಎಡಬಲಗಳಲ್ಲಿ ಎರಡು ಚಕ್ರಗಳಿದ್ದವು. ಅವುಗಳ ಅಭ್ಯಾಸಕ್ಕಾಗಿ 1910ರ ಸುಮಾರಿಗೆ ಒಂದು ಪೀಪಾಯಿಯನ್ನು ಸೀಳಿ, ಒಂದರ್ಧದ ಮೇಲೆ ಇನ್ನೊಂದರ್ಧವನ್ನು ಕೂರಿಸಿ, ಅದರ ಮೇಲೆ ಶಿಷ್ಯನನ್ನು ಕೂರಿಸುತ್ತಿದ್ದರು. ಸಹಾಯಕರು ಕೋಲುಗಳನ್ನು ಹಿಡಿದು ಪೀಪಾಯಿಯನ್ನು ಅಲುಗಾಡಿಸುವುದು, ಶಿಷ್ಯ ಚಕ್ರ ತಿರುಗಿಸಿ ಅದನ್ನು ಸಮಸ್ಥಿತಿಗೆ ತರುವುದು. ನಮ್ಮ ಹಳ್ಳಿಯ ಹುಡುಗರು ಕಂಡಿದ್ದರೆ ಸಾಲುಗಟ್ಟಿ ನಿಲ್ಲುತ್ತಿದ್ದರು.

ನಿಜವಾದ ತಿರುವು ಬಂದದ್ದು ಅಮೆರಿಕದ ಬಿಂಗ್‌ಹ್ಯಾಂಟನ್ ಊರಿನ ಎಡ್ವಿನ್ ಲಿಂಕ್ ಎಂಬಾತನಿಂದ. ಅವನ ತಂದೆಯದು ಪಿಯಾನೋ ಮತ್ತು ಆರ್ಗನ್ ವಾದ್ಯಗಳ ಕಾರ್ಖಾನೆ. ಹಾರಲು ಕಲಿಯುವ ಖರ್ಚು ಹೆಚ್ಚೆಂದು ಕಂಡ ಲಿಂಕ್, ಆರ್ಗನ್ನಿನ ತಿದಿಗಳನ್ನೇ ಬಳಸಿ ವಾಲುವ, ಏರುವ, ತಿರುಗುವ ಒಂದು ಪುಟ್ಟ ವಿಮಾನವನ್ನು 1920ರ ದಶಕದ ಕೊನೆಯಲ್ಲಿ ಕಟ್ಟಿದ. ಹಾರ್ಮೋನಿಯಂ ಬಲ್ಲವರಿಗೆ ತಿದಿಯ ಕೆಲಸವನ್ನು ವಿವರಿಸಬೇಕಿಲ್ಲ. ಅವನು 1929ರಲ್ಲಿ ಸಲ್ಲಿಸಿದ ಪೇಟೆಂಟಿನ ಶೀರ್ಷಿಕೆಯಲ್ಲೇ ಇದು ವಿದ್ಯಾರ್ಥಿ ವೈಮಾನಿಕರ ತರಬೇತಿ ಸಾಧನವೂ ಹೌದು, ಮನರಂಜನೆಯ ಯಂತ್ರವೂ ಹೌದು ಎಂದಿತ್ತು. ವೈಮಾನಿಕ ಶಾಲೆಗಳು ಆಸಕ್ತಿ ತೋರಲಿಲ್ಲ. ಜಾತ್ರೆಯ ತೊಟ್ಟಿಲಿನಂತೆ ಅದು ಮನರಂಜನಾ ಉದ್ಯಾನಗಳಿಗೆ ಮಾರಾಟವಾಯಿತು.

1934ರ ಫೆಬ್ರವರಿಯಲ್ಲಿ ಅಮೆರಿಕದ ಸೇನೆ ವಿಮಾನ ಅಂಚೆಯ ಹೊಣೆಯನ್ನು ಹೊತ್ತಿತು. ಮಂಜು, ಮಳೆ, ಕತ್ತಲೆಯಲ್ಲಿ ಕೇವಲ ಉಪಕರಣಗಳನ್ನು ನೋಡಿ ಹಾರುವ ಅಭ್ಯಾಸ ಆ ಚಾಲಕರಿಗೆ ಸಾಲದಾಗಿತ್ತು. ಕೆಲವೇ ವಾರಗಳಲ್ಲಿ ಹತ್ತಕ್ಕೂ ಹೆಚ್ಚು ಮಂದಿ ಸತ್ತರು. ಆಗ ಸೇನೆಗೆ ಲಿಂಕನ ನೆನಪಾಯಿತು. ಅಧಿಕಾರಿಗಳು ಅವನಿಗಾಗಿ ನ್ಯೂವಾರ್ಕ್ ವಿಮಾನ ನಿಲ್ದಾಣದಲ್ಲಿ ಕಾಯುತ್ತಿದ್ದ ದಿನ ದಟ್ಟ ಮಂಜು. ಇವನು ಬರಲಾರನೆಂದು ಅವರು ಹೊರಡುವ ಹೊತ್ತಿಗೆ, ತನ್ನ ಯಂತ್ರ ಕಲಿಸುತ್ತಿದ್ದ ವಿದ್ಯೆಯಿಂದಲೇ ಲಿಂಕ್ ಆ ಮಂಜಿನೊಳಗಿಂದ ಇಳಿದು ಬಂದ. ಸೇನೆ ತಲಾ 3,500 ಡಾಲರಿನಂತೆ ಆರು ಯಂತ್ರಗಳನ್ನು ಕೊಂಡಿತು. ಎರಡನೆಯ ಮಹಾಯುದ್ಧದಲ್ಲಿ ಮಿತ್ರರಾಷ್ಟ್ರಗಳ ಲಕ್ಷಾಂತರ ವೈಮಾನಿಕರು ಆ ನೀಲಿ ಪೆಟ್ಟಿಗೆಯಲ್ಲಿ ಕುಳಿತೇ ಮೊದಲ ಪಾಠ ಕಲಿತರು. ಜಾತ್ರೆಯ ಆಟಿಕೆ ಜೀವ ಉಳಿಸುವ ಸಾಧನವಾಯಿತು. ಇದನ್ನು ಸೊಸೆಗೆ ಓದಿ ಹೇಳಿದೆ. "ಸರಿ ಮಾವ, ನೀವು ತಾತ ಮೊಮ್ಮಗ ಒಂದೇ ಪಕ್ಷ" ಎಂದಳು. ಆದರೆ ಮತ್ತೆ ಆಕ್ಷೇಪಿಸಲಿಲ್ಲ.

ಓದುತ್ತ ಹೋದಂತೆ ಇನ್ನೊಂದು ಸಂಗತಿ ಸಿಕ್ಕಿತು. ನಾನು ಈ ಲೇಖನವನ್ನು ಬರೆಯಲು ಅದೇ ನಿಜವಾದ ಕಾರಣ.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಬಿ-17 ಬಾಂಬರುಗಳು ಸುರಕ್ಷಿತವಾಗಿ ನೆಲ ಮುಟ್ಟಿದ ಮೇಲೆ, ಏನೂ ಆಗಬಾರದ ಹೊತ್ತಿನಲ್ಲಿ, ಚಕ್ರಗಳು ಮಡಚಿಕೊಂಡು ಹೊಟ್ಟೆಯ ಮೇಲೆ ಕುಸಿಯುತ್ತಿದ್ದವು. ಚಾಲಕನ ತಪ್ಪು ಎಂದು ವರದಿಯಾಗುತ್ತಿತ್ತು. ಆಲ್ಫೋನ್ಸ್ ಚಪಾನಿಸ್ ಎಂಬ ಯುವ ಮನಶ್ಶಾಸ್ತ್ರಜ್ಞ 1943ರಲ್ಲಿ ಚಾಲಕನ ಕೋಣೆಯನ್ನೇ ಪರೀಕ್ಷಿಸಿದ. ರೆಕ್ಕೆಯ ಫ್ಲಾಪುಗಳನ್ನು ಮಡಚುವ ಹಿಡಿಕೆ, ಚಕ್ರಗಳನ್ನು ಮಡಚುವ ಹಿಡಿಕೆ, ಎರಡೂ ಒಂದೇ ರೂಪ, ಎರಡೂ ಅಕ್ಕಪಕ್ಕ. ದಣಿದ ಚಾಲಕ ಫ್ಲಾಪನ್ನು ಮಡಚಲು ಹೋಗಿ ಚಕ್ರವನ್ನು ಮಡಚುತ್ತಿದ್ದ. ಸಿ-47 ವಿಮಾನದಲ್ಲಿ ಆ ಹಿಡಿಕೆಗಳು ಹಾಗಿರಲಿಲ್ಲ. ಅದರ ಚಾಲಕರು ಆ ತಪ್ಪನ್ನೂ ಮಾಡುತ್ತಿರಲಿಲ್ಲ. ತಪ್ಪು ಮನುಷ್ಯನದಲ್ಲ, ಜೋಡಣೆಯದು. ಚಪಾನಿಸ್ ಮಾಡಿದ್ದು ಇಷ್ಟೇ: ಚಕ್ರದ ಹಿಡಿಕೆಯ ತುದಿಗೆ ಪುಟ್ಟ ರಬ್ಬರ್ ಗಾಲಿ, ಫ್ಲಾಪಿನ ಹಿಡಿಕೆಗೆ ಬೆಣೆಯಾಕಾರದ ತುಂಡು. ಕಣ್ಣು ನೋಡದಿದ್ದರೂ ಬೆರಳು ತಿಳಿಯಿತು. ಅಪಘಾತಗಳು ನಿಂತವು. ಇಂದಿಗೂ ಚಕ್ರದ ಹಿಡಿಕೆ ಚಕ್ರದಂತೆಯೂ ಫ್ಲಾಪಿನ ಹಿಡಿಕೆ ರೆಕ್ಕೆಯಂತೆಯೂ ಇರಬೇಕೆಂಬುದು ನಿಯಮ. ಥ್ರಾಟಲ್ ಕಪ್ಪು, ಪ್ರೊಪೆಲ್ಲರಿನದು ನೀಲಿ, ಇಂಧನ ಮಿಶ್ರಣದ್ದು ಕೆಂಪು ಎಂದು ಬಣ್ಣಗಳನ್ನೂ ಇಟ್ಟಿದ್ದಾರೆ. ಆದರೆ ಬಣ್ಣವೊಂದನ್ನೇ ನಂಬಿಲ್ಲ, ತುದಿಗಳ ಆಕಾರವನ್ನೂ ಬೇರೆ ಬೇರೆ ಮಾಡಿದ್ದಾರೆ.

ಇದನ್ನು ಓದಿದ ರಾತ್ರಿ ನನಗೆ ನಿದ್ರೆ ಬರಲಿಲ್ಲ. 1978ರಲ್ಲಿ ಎಂಟನೆಯ ತರಗತಿಗೆ ಭಾರತದ ಭೂಪಟ ಬರೆಸಿದ್ದೆ. ಬ್ರಿಟಿಷರ ಆಳ್ವಿಕೆಯ ಪ್ರದೇಶಕ್ಕೆ ಕೆಂಪು, ದೇಶೀಯ ಸಂಸ್ಥಾನಗಳಿಗೆ ಹಸಿರು ಎಂದು ಸ್ಪಷ್ಟವಾಗಿ ಹೇಳಿದ್ದೆ. ಒಬ್ಬ ಹುಡುಗ ಮೈಸೂರಿಗೂ ಹೈದರಾಬಾದಿಗೂ ಕೆಂಪು ಬಳಿದು ತಂದ. ತಿದ್ದಿ ತಾ ಎಂದರೆ ಮತ್ತೆ ಹಾಗೆಯೇ ತಂದ. ಉದ್ಧಟತನವೆಂದು ಭಾವಿಸಿ ಅಂಗೈ ಕೆಂಪಾಗುವಂತೆ ರೂಲುದೊಣ್ಣೆಯಿಂದ ಹೊಡೆದೆ. ಅವನು ಅಳಲಿಲ್ಲ, ಭೂಪಟವನ್ನೇ ನೋಡುತ್ತ ನಿಂತಿದ್ದ. ಗೆರೆ ಎಳೆದೋ ಚುಕ್ಕೆ ಇಟ್ಟೋ ತೋರಿಸು ಎಂದಿದ್ದರೆ ತರಗತಿಗೆ ಅವನೇ ಮೊದಲಿಗನಾಗುತ್ತಿದ್ದನೇನೋ. ಮೂವತ್ತನಾಲ್ಕು ವರ್ಷ ಪಾಠ ಹೇಳಿದ ನನಗೆ ಇದು ಹೊಳೆಯಬೇಕಾದರೆ ನನ್ನ ಮೊಮ್ಮಗನೇ ಆ ಚುಕ್ಕೆಗಳ ಮುಂದೆ ಸೋಲಬೇಕಾಯಿತು.

ಬೆಂಗಳೂರಿನವರು ಮರೆಯಲಾರದ ಒಂದು ದಿನವನ್ನೂ ಇಲ್ಲಿ ಹೇಳಬೇಕು. 1990ರ ಫೆಬ್ರವರಿ 14ರಂದು ಮುಂಬಯಿಯಿಂದ ಬಂದ ಇಂಡಿಯನ್ ಏರ್‌ಲೈನ್ಸ್ ಸಂಸ್ಥೆಯ ಏರ್‌ಬಸ್ ಎ320 ವಿಮಾನ ಎಚ್‌ಎಎಲ್ ನಿಲ್ದಾಣದ ರನ್‌ವೇ ತಲುಪುವ ಮೊದಲೇ ಪಕ್ಕದ ಗಾಲ್ಫ್ ಮೈದಾನದಲ್ಲಿ ನೆಲಕ್ಕೆ ಬಡಿಯಿತು. ಒಳಗಿದ್ದ 146 ಜನರಲ್ಲಿ 92 ಮಂದಿ ತೀರಿಕೊಂಡರು. ಇಳಿಯುವ ಕೊನೆಯ ಹಂತದಲ್ಲಿ ಎಂಜಿನ್‌ಗಳು ಕನಿಷ್ಠ ಶಕ್ತಿಯಲ್ಲಿದ್ದವು, ವೇಗ ಕುಸಿದಿತ್ತು. ಥ್ರಾಟಲನ್ನು ಮುಂದೆ ತಳ್ಳುವಷ್ಟರಲ್ಲಿ ಸಮಯ ಮೀರಿತ್ತು. ಚಾಲಕರು ಪರಿಸ್ಥಿತಿಯ ಗಂಭೀರತೆಯನ್ನು ಅರಿತು ತಕ್ಷಣ ಥ್ರಾಟಲನ್ನು ಸರಿಸಲಿಲ್ಲವೆಂದು ವಿಚಾರಣೆ ಹೇಳಿತು. 1988ರಲ್ಲಿ ಸೇವೆಗೆ ಬಂದ ಈ ಮಾದರಿಯಲ್ಲಿ ನೊಗವಿಲ್ಲ, ಪಕ್ಕದಲ್ಲೊಂದು ಪುಟ್ಟ ಕೋಲು. ಯಂತ್ರವೇ ಶಕ್ತಿಯನ್ನು ಏರಿಳಿಸುವಾಗ ಥ್ರಾಟಲಿನ ಹಿಡಿಕೆಗಳು ಇದ್ದಲ್ಲೇ ಇರುತ್ತವೆ. ಬೋಯಿಂಗ್ ವಿಮಾನಗಳಲ್ಲಾದರೋ ಹಿಡಿಕೆಗಳು ತಾವೇ ಸರಿದು ಅಂಗೈಗೆ ಸುದ್ದಿ ಮುಟ್ಟಿಸುತ್ತವೆ. ಯಾವುದು ಮೇಲು ಎಂಬ ವಾದ ತಜ್ಞರಲ್ಲಿ ಇನ್ನೂ ಮುಗಿದಿಲ್ಲ. ಎರಡೂ ಬಗೆಯ ವಿಮಾನಗಳು ದಿನವೂ ಸುರಕ್ಷಿತವಾಗಿ ಹಾರುತ್ತಿವೆ. ನಾನು ತಿಳಿದದ್ದು ಇಷ್ಟೇ: ಕೈಯ ಕೆಳಗಿನ ಹಿಡಿಕೆ ಏನು ಹೇಳುತ್ತದೆ, ಏನು ಹೇಳುವುದಿಲ್ಲ ಎಂಬುದನ್ನು ಅರಿಯುವುದು ಆಟವಲ್ಲ.

ಕಂಪ್ಯೂಟರಿಗೆ ಹಾರಾಟ ಬಂದದ್ದು ಈಚೆಗೆ. ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಓದಿದ ಬ್ರೂಸ್ ಆರ್ಟ್‌ವಿಕ್ ರೂಪಿಸಿದ, ಬರಿಯ ಗೆರೆಗಳ ಚಿತ್ರದ ಸಿಮ್ಯುಲೇಟರ್ 1980ರ ಹೊತ್ತಿಗೆ ಆಪಲ್ ಯಂತ್ರಕ್ಕೂ, 1982ರಲ್ಲಿ ಮೈಕ್ರೋಸಾಫ್ಟ್ ಮೂಲಕ ಐಬಿಎಂ ಯಂತ್ರಕ್ಕೂ ಬಂದಿತು. ಆಗ ಕೀಲಿಮಣೆಯೇ ನೊಗ, ಕೀಲಿಮಣೆಯೇ ಥ್ರಾಟಲ್. 1990ರ ದಶಕದಲ್ಲಿ ಸಿಎಚ್ ಪ್ರಾಡಕ್ಟ್ಸ್‌ನಂತಹ ಸಂಸ್ಥೆಗಳು ಮನೆಯ ಮೇಜಿಗೆ ಕಚ್ಚಿಸುವ ಯೋಕ್ ತಂದವು. 2007ರಲ್ಲಿ ಸೈಟೆಕ್ ಸಂಸ್ಥೆ ಮೂರು ಹಿಡಿಕೆಗಳ ಥ್ರಾಟಲ್ ಸಮೇತ ಯೋಕ್ ಹೊರತಂದಿತು. ಸೈಟೆಕ್ 2016ರಲ್ಲಿ ಲಾಜಿಟೆಕ್ ಪಾಲಾಯಿತು. ಹನಿಕೋಂಬ್ ಸಂಸ್ಥೆಯ ಆಲ್ಫಾ ಯೋಕ್ 2019ರಲ್ಲಿ ಬಂದಿತು. ಅದು ನಿಜವಾದ ಸಣ್ಣ ವಿಮಾನದಂತೆ ಒಟ್ಟು 180 ಡಿಗ್ರಿ ತಿರುಗುತ್ತದೆ, ಸೈಟೆಕ್‌ನದು ಅದರ ಅರ್ಧ ಮಾತ್ರ. ಅದೇ ಸಂಸ್ಥೆಯ ಬ್ರಾವೋ ಥ್ರಾಟಲಿನಲ್ಲಿ ಹಿಡಿಕೆಯ ತುದಿಗಳನ್ನು ಬದಲಿಸಿಕೊಳ್ಳಬಹುದು. ಏರ್‌ಬಸ್ ಬಗೆಯ ಕೋಲನ್ನು ಥ್ರಸ್ಟ್‌ಮಾಸ್ಟರ್ ಸಂಸ್ಥೆ 2020ರಲ್ಲಿ ತಂದಿತು.

ಒಂದು ತಿಂಗಳ ಬಳಿಕ ನನ್ನ ತೀರ್ಪನ್ನು ಒಂದು ಹಾಳೆಯಲ್ಲಿ ಬರೆದುಕೊಟ್ಟೆ. ಯಾವ ವಿಮಾನ ಹಾರಿಸುತ್ತೀಯೋ ಅದರ ಹಿಡಿಕೆಯನ್ನೇ ಕೊಳ್ಳು: ಸೆಸ್ನಾ, ಬೋಯಿಂಗ್ ಆದರೆ ನೊಗ, ಏರ್‌ಬಸ್, ಯುದ್ಧವಿಮಾನವಾದರೆ ಕೋಲು. ಒಂದೇ ಕೊಳ್ಳುವಷ್ಟು ಹಣವಿದ್ದು ಎಲ್ಲವನ್ನೂ ಹಾರಿಸುವ ಆಸೆಯಿದ್ದರೆ, ತಿರುಚಬಲ್ಲ ಕೋಲೇ ಸಾಕು. ಥ್ರಾಟಲಿಗೆ ಕಡೆಯ ಪಕ್ಷ ಮೂರು ಹಿಡಿಕೆಗಳಿರಲಿ, ತುದಿಗಳ ಆಕಾರ ಬೇರೆ ಬೇರೆಯಾಗಿರಲಿ. ಒಳಗಿನ ಸಂವೇದಕ ಯಾವುದೆಂದು ಕೇಳು. ಉಜ್ಜುವ ಪಟ್ಟಿಯ ಪೊಟೆನ್ಶಿಯೋಮೀಟರ್ ಆದರೆ, ಹಳೆಯ ರೇಡಿಯೋದ ಧ್ವನಿಯ ಗುಂಡಿ ದೂಳು ಕುಡಿದು ಕರಕರ ಎನ್ನುವಂತೆ ಒಂದು ದಿನ ಅದೂ ಎನ್ನುತ್ತದೆ. 1879ರಲ್ಲಿ ಎಡ್ವಿನ್ ಹಾಲ್ ಕಂಡುಹಿಡಿದ ತತ್ತ್ವದಂತೆ ಅಯಸ್ಕಾಂತದಿಂದ ಕೆಲಸ ಮಾಡುವ ಸಂವೇದಕವಾದರೆ ಉಜ್ಜಾಟವಿಲ್ಲ, ಸವೆತವಿಲ್ಲ. ಕೊನೆಯದಾಗಿ, ಮೊದಲು ಮೇಜಿನ ದಪ್ಪವನ್ನು ಅಳೆ.

ಆ ಕೊನೆಯ ಮಾತನ್ನು ನಾವೇ ಪಾಲಿಸಲಿಲ್ಲ. ಅವನು ಬೆಲೆಗಂಜಿ ಬೇರೆಯವರು ಬಳಸಿದ ಯೋಕ್, ಥ್ರಾಟಲ್ ಕೊಂಡು ತಂದ. ನನ್ನ ಹಳೆಯ ತೇಗದ ಮೇಜಿಗೆ ಕೆಳಗೆ ಡ್ರಾಯರಿನ ಪಟ್ಟಿ ಅಡ್ಡಬಂದು ಅದರ ಹಿಡಿ ಕಚ್ಚಲಿಲ್ಲ. ಬಡಗಿಯಿಂದ ಮುಂಚಾಚಿದ ಹಲಗೆಯೊಂದನ್ನು ಮಾಡಿಸಿದೆವು. ಹಾರಿಸಿದರೆ ವಿಮಾನ ಸುಮ್ಮನಿದ್ದರೂ ಬೆಚ್ಚಿಬೀಳುತ್ತಿತ್ತು. ಬಿಚ್ಚಿ ನೋಡಿದರೆ ಅದೇ ದೂಳು! ಒಂದು ಭಾನುವಾರ ತಾತ ಮೊಮ್ಮಗ ಕುಳಿತು ಅದನ್ನು ಶುದ್ಧ ಮಾಡಿದೆವು. ಆರು ತಿಂಗಳ ಬಳಿಕ ಅವನು ನಕ್ಕದ್ದನ್ನು ನಾನು ಅಂದು ಕೇಳಿದೆ.

ಥ್ರಾಟಲಿನ ಮೂರು ತುದಿಗಳೂ ಒಂದೇ ಆಕಾರದಲ್ಲಿದ್ದವು. ಚಪಾನಿಸ್ ಕಥೆಯನ್ನು ಹೇಳಿದೆ. ಅವನು ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದ. ಮರುದಿನ ಒಂದಕ್ಕೆ ಸೈಕಲ್ ಟ್ಯೂಬಿನ ತುಂಡನ್ನು ಸುತ್ತಿದ. ಇನ್ನೊಂದಕ್ಕೆ ದಾರ ಬಿಗಿದು ಗಂಟು ಹಾಕಿದ. ಒಂದನ್ನು ಹಾಗೆಯೇ ನುಣುಪಾಗಿ ಬಿಟ್ಟ. "ಕಣ್ಣು ಮುಚ್ಚಿ ತಾತ" ಎಂದು ನನ್ನ ಕೈಯನ್ನು ಅದರ ಮೇಲಿಟ್ಟು, "ಮಿಕ್ಸ್ಚರ್ ಯಾವುದು ಹೇಳಿ" ಎಂದ. ಹೇಳಿದೆ. "ನೋಡಿ, ನಿಮಗೂ ಗೊತ್ತಾಯಿತು" ಎಂದ.

ಈಗ ಅವನು ಎಂಜಿನಿಯರಿಂಗ್ ಓದುತ್ತಿದ್ದಾನೆ. ಹಾರುವ ಲೈಸೆನ್ಸ್ ಅವನಿಗೆ ಸಿಗಲಿಲ್ಲವೆಂಬ ನೋವು ಮಾಯವಾಗಿದೆಯೆಂದು ನಾನು ಹೇಳಲಾರೆ. ಸಂಜೆ ಒಂದು ಗಂಟೆ ಪರದೆಯ ಮೇಲೆ ಜಕ್ಕೂರಿನಿಂದ ಏರಿ ಹಳೆಯ ಎಚ್‌ಎಎಲ್ ನಿಲ್ದಾಣಕ್ಕೆ ಇಳಿಯುತ್ತಾನೆ. ನಾನೂ ಒಮ್ಮೆ ಪ್ರಯತ್ನಿಸಿ ಹೆಬ್ಬಾಳದ ಕೆರೆಗೆ ಬಿದ್ದೆ.

1978ರ ಎಂಟನೆಯ ತರಗತಿಯ ಆ ಹುಡುಗ ಈಗ ಅರವತ್ತರ ಹೊಸ್ತಿಲಲ್ಲಿರಬೇಕು. ಹೆಸರನ್ನು ಬರೆಯುವುದಿಲ್ಲ, ಓದಿದರೆ ನಿನಗೇ ತಿಳಿಯುತ್ತದೆ. ಅಂದಿನ ತಪ್ಪು ನಿನ್ನದಲ್ಲ ಕಣಪ್ಪಾ, ನಿನ್ನ ಮೇಷ್ಟ್ರದು. ಈ ಕಡೆ ಬಂದರೆ ಮನೆಗೆ ಬಾ. ಭೂಪಟ ಬೇಡ, ಮೇಜಿನ ಮುಂದೆ ಕುಳಿತು ಒಂದು ಸುತ್ತು ಹಾರಿ, ಕಾಫಿ ಕುಡಿದು ಹೋಗು.